ಕಾವಲು ಯಾರ ಕೆಲಸ?



ಅಡಿಕೆ ಕೊಯ್ಲು ಮುಗಿಯುತ್ತ ಬಂದು, ಕಾಫಿ ಕೊಯ್ಲು ಭರದಿಂದ ಸಾಗುವ ದಿನಗಳಲ್ಲಿ ಸಂಘದ ಕಚೇರಿಗೆ ಬರುವವರು ಧಾರಣೆ ವಿಚಾರಿಸಿದ ಮೇಲೆ ಎರಡನೆಯದಾಗಿ ಎತ್ತುವ ಮಾತು ಕಳ್ಳತನದ್ದು. ಒಬ್ಬರ ತೋಟದಲ್ಲಿ ರಾತ್ರೋರಾತ್ರಿ ಗೊನೆ ಇಳಿದಿರುತ್ತದೆ. ಇನ್ನೊಬ್ಬರ ಕಣದಲ್ಲಿ ಒಣಗುತ್ತಿದ್ದ ಪಾರ್ಚ್‌ಮೆಂಟ್ ಬೆಳಗಾಗುವುದರೊಳಗೆ ಕಡಿಮೆಯಾಗಿರುತ್ತದೆ. ಮತ್ತೊಬ್ಬರ ಪಂಪ್‌ಸೆಟ್ಟಿನ ಕೇಬಲ್ಲೇ ಮಾಯ. ಎಲ್ಲರ ಮಾತಿನ ಕೊನೆಯೂ ಒಂದೇ: ಪೊಲೀಸಿನವರು ಏನು ಮಾಡುತ್ತಿದ್ದಾರೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಬೆನ್ನಿಗೇ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಉಂಟು. ಅದು ನಮಗೆ ಹೊಳೆದದ್ದು ಇಲ್ಲಿ ಅಲ್ಲ, ಬೆಂಗಳೂರಿನಲ್ಲಿ.

ನಮ್ಮ ಮಗಳು, ಅಳಿಯ ವಾಸವಾಗಿರುವುದು ಬೆಂಗಳೂರಿನ ಪಶ್ಚಿಮ ಭಾಗದ ಶ್ರೀಗಂಧದ ಕಾವಲ್‌ನಲ್ಲಿ. ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ವಿಜಯನಗರ, ನಾಗರಬಾವಿ, ಬಸವೇಶ್ವರನಗರಗಳ ಕಡೆ ನೆಲೆಸಿರುವುದರಿಂದ ಆ ಸೀಮೆ ನಮ್ಮವರಿಗೆ ಅಪರಿಚಿತವಲ್ಲ. ಕೆಲವು ದಿನ ಅಲ್ಲಿದ್ದಾಗ, ಒಂದು ಭಾನುವಾರ ಬೀದಿಯ ನಿವಾಸಿಗಳು ಸೇರಿ ಸುರಕ್ಷತೆಯ ಬಗ್ಗೆ ಮಾತನಾಡುವ ಸಭೆಗೆ ಅಳಿಯ ನಮ್ಮನ್ನೂ ಕರೆದುಕೊಂಡು ಹೋದರು. ಕೇಳಲು ಹೋದವರು ನಾವು. ನಮ್ಮ ಊರಿನದೇ ಸಭೆಯಲ್ಲಿ ಕುಳಿತಂತಾಯಿತು.

ಹಬ್ಬಕ್ಕೆ ಊರಿಗೆ ಹೋಗಿ ಬರುವುದರೊಳಗೆ ಮನೆಯ ಬೀಗ ಮುರಿದಿತ್ತೆಂದು ಒಬ್ಬರು ಹೇಳಿದರು. ಬೆಳಗಿನ ವಾಯುಸಂಚಾರಕ್ಕೆ ಹೋಗುವಾಗ ಸರವನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗುತ್ತೇನೆಂದು ಹಿರಿಯ ಮಹಿಳೆಯೊಬ್ಬರು ಹೇಳಿದರು. ಬೈಕು ಕಳೆದುಕೊಂಡವರು ಇಬ್ಬರಿದ್ದರು. ಹೆಚ್ಚಿನವರು ಇನ್ನಷ್ಟು ಸಿಸಿ ಕ್ಯಾಮರಾ ಬೇಕೆಂದರು. ಆದರೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು, ಕ್ಯಾಮರಾ ಆಮೇಲೆ ಆಗಲಿ, ಖಾಲಿ ಸೈಟಿನ ಪಕ್ಕದ ಎರಡು ಕಂಬಕ್ಕೆ ಮೊದಲು ದೀಪ ಹಾಕಿಸಿ, ನಾನು ಕತ್ತಲಾದ ಮೇಲೆ ನಡೆದು ಬರುವ ದಾರಿ ಅದು ಎಂದಳು. ಆ ಸಭೆಯಲ್ಲಿ ಬಂದ ಸಲಹೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನದೂ ಎಲ್ಲಕ್ಕಿಂತ ಉಪಯುಕ್ತವಾದದ್ದೂ ಅದೇ ಎಂದು ನಮಗನ್ನಿಸಿತು. ಬಾಡಿಗೆದಾರಳಾದ ಆಕೆಯನ್ನು ಅಲ್ಲಿಯವರೆಗೆ ಯಾರೂ ಅಭಿಪ್ರಾಯ ಕೇಳಿರಲಿಲ್ಲ.

ಕೊನೆಗೆ ಹಿರಿಯರೊಬ್ಬರು ಎದ್ದು, ಕಳವಾದವರಲ್ಲಿ ಎಷ್ಟು ಜನ ದೂರು ಬರೆದುಕೊಟ್ಟಿದ್ದೀರಿ ಎಂದು ಕೇಳಿದರು. ಕಳವಾದವರ ಕೈ ಏಳೆಂಟು ಎದ್ದಿದ್ದವು. ದೂರು ಕೊಟ್ಟವರ ಕೈ ಎರಡು.

ನಮ್ಮ ಕೈಯೂ ಆಗ ಮಡಿಲಲ್ಲೇ ಇತ್ತು. ಇದನ್ನು ಮುಚ್ಚಿಟ್ಟು ಇತರರಿಗೆ ಬುದ್ಧಿ ಹೇಳುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಣದಿಂದ ಎರಡು ಚೀಲ ಪಾರ್ಚ್‌ಮೆಂಟ್ ಹೋಯಿತು. ಠಾಣೆಯ ಮೆಟ್ಟಿಲು ಹತ್ತುವುದು ಬೇಡ, ಕೊಯ್ಲಿನ ಸಮಯದಲ್ಲಿ ಅಲೆದಾಟ ಬೇಡ ಎಂದು ದೂರು ಕೊಡಲಿಲ್ಲ. ಬದಲಿಗೆ, ಲೈನ್ ಮನೆಗೆ ಹೊಸದಾಗಿ ಬಂದಿದ್ದ ಹೊರರಾಜ್ಯದ ಕೂಲಿ ಹುಡುಗನ ಮೇಲೆ ಗುಮಾನಿ ಪಟ್ಟು ಲೆಕ್ಕ ಚುಕ್ತಾ ಮಾಡಿ ಕಳುಹಿಸಿಬಿಟ್ಟೆವು. ಅವನು ಹೋದ ಹದಿನೈದು ದಿನಕ್ಕೆ ಅದೇ ರೀತಿಯಲ್ಲಿ ನೆರೆಯ ತೋಟದಲ್ಲೂ ಚೀಲ ಹೋಯಿತು. ನೆರೆಯವರೂ ದೂರು ಕೊಡಲಿಲ್ಲ. ಕಳ್ಳ ಯಾರೆಂದು ಇಂದಿಗೂ ತಿಳಿದಿಲ್ಲ. ತಿಳಿದಿರುವುದು ಇಷ್ಟೇ: ಆ ಹುಡುಗನಿಗೆ ನಾವು ಅನ್ಯಾಯ ಮಾಡಿದೆವು, ಠಾಣೆಯ ಪುಸ್ತಕದ ಪ್ರಕಾರ ನಮ್ಮ ಊರಿನಲ್ಲಿ ಆ ವರ್ಷ ಕಾಫಿ ಕಳ್ಳತನವೇ ಆಗಿಲ್ಲ. ಕಳ್ಳತನವೇ ಇಲ್ಲದ ಊರಿಗೆ ರಾತ್ರಿ ಗಸ್ತು ಏಕೆ ಕಳುಹಿಸಬೇಕು?

ಶ್ರೀಗಂಧದ ಕಾವಲ್ ಎಂಬ ಹೆಸರನ್ನೇ ಸ್ವಲ್ಪ ನೋಡೋಣ. ಹಳೆಯ ಮೈಸೂರು ಸೀಮೆಯಲ್ಲಿ ಕಾವಲ್ ಎಂದರೆ ಕಾಯ್ದಿಟ್ಟ ನೆಲ. ಅಮೃತ ಮಹಲ್ ದನಗಳ ಕಾವಲುಗಳನ್ನು ನಮ್ಮಲ್ಲಿ ಹಲವರು ಬಲ್ಲರು. ಇನ್ನು ಶ್ರೀಗಂಧದ ಕಥೆ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ. ಮೈಸೂರು ಅರಸರ ಕಾಲದಲ್ಲೂ ಆಮೇಲಿನ ಸರ್ಕಾರಗಳ ಕಾಲದಲ್ಲೂ ಅದೇ ನಡೆದು ಬಂತು. ಮರ ರೈತನ ಹೊಲದಲ್ಲಿ ಹುಟ್ಟಿದರೂ ರೈತನದ್ದಲ್ಲ, ಸರ್ಕಾರದ್ದು. ಮರ ಕಳವಾದರೆ ಮಾತ್ರ ಉತ್ತರ ಹೇಳಬೇಕಾದವನು ರೈತ. ಪರಿಣಾಮವೇನಾಯಿತು? ಹೊಲದಲ್ಲಿ ಗಂಧದ ಸಸಿ ಕಂಡರೆ ತಲೆನೋವೆಂದು ಕಿತ್ತೆಸೆಯುವವರಾದರು. ಕಳ್ಳ ಕಡಿಯುತ್ತಿದ್ದರೂ ನೆರೆಯವನು ಕಣ್ಣು ಮುಚ್ಚಿಕೊಂಡ. ಅರಣ್ಯ ಇಲಾಖೆ, ಪೊಲೀಸು, ಕಠಿಣ ಶಿಕ್ಷೆ ಎಲ್ಲ ಇದ್ದೂ ಗಂಧದ ನಾಡಿನಲ್ಲಿ ಗಂಧ ಅಪರೂಪವಾಯಿತು. ಬೆಳೆದವನೇ ಮರದ ಒಡೆಯ ಎಂದು ಕಾನೂನು ತಿದ್ದುಪಡಿಯಾದದ್ದು 2001ರಲ್ಲಿ. ಅಷ್ಟರಲ್ಲಿ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಿತ್ತು.

ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಕಾವಲು ಸರ್ಕಾರದ ಕೆಲಸ ಮಾತ್ರ, ನಮ್ಮದಲ್ಲ ಎಂದು ಜನ ತಿಳಿದಲ್ಲಿ ಯಾವ ಪೊಲೀಸೂ ಯಾವ ವಸ್ತುವನ್ನೂ ಉಳಿಸಲಾರ. ಹಾಗೆಂದು, ಪೊಲೀಸು ಬೇಡ, ನಾವೇ ನೋಡಿಕೊಳ್ಳುತ್ತೇವೆ ಎನ್ನುವುದು ಇದಕ್ಕಿಂತ ಅಪಾಯದ ದಾರಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂಬ ವದಂತಿ ನಂಬಿ ಜನ ಹಾಡಹಗಲೇ ಹೊಡೆದು ಕೊಂದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಇದೇ ವದಂತಿಗೆ ಬಲಿಯಾದರು. ಹೊಡೆದವರೆಲ್ಲ ತಮ್ಮ ಊರನ್ನು ಕಾಯುತ್ತಿದ್ದೇವೆಂದೇ ಭಾವಿಸಿದ್ದರು. ತೋಟದ ಕೆಲಸಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯವರನ್ನು ನೆಚ್ಚಿಕೊಂಡಿರುವ ನಾವು ಇದನ್ನು ಮರೆಯಕೂಡದು. ಆ ಹುಡುಗನಿಗೆ ನಾವು ಲೆಕ್ಕ ಚುಕ್ತಾ ಮಾಡಿ ಕಳುಹಿಸಿದ್ದಕ್ಕೂ ಮುರ್ಕಿಯಲ್ಲಿ ನಡೆದದ್ದಕ್ಕೂ ಬೇರು ಒಂದೇ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ದೂರು ಬರೆದುಕೊಡುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ನಮ್ಮ ಸರಹದ್ದಲ್ಲ ಎಂದು ಕಳುಹಿಸುವಂತಿಲ್ಲ. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿದರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿ ಉಚಿತ. ಠಾಣೆಯಲ್ಲಿ ದಾಖಲಿಸಲು ನಿರಾಕರಿಸಿದರೆ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಬರೆಯಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತುರ್ತಿಗೆ 112, ಫೋನಿನಲ್ಲಿ ಹಣ ವಂಚನೆಯಾದರೆ ತಡಮಾಡದೆ 1930. ಈ ಎರಡು ಸಂಖ್ಯೆಗಳನ್ನು ಕಣದ ಗೋಡೆಯ ಮೇಲೆ ಬರೆಸಿ.

ಎರಡನೆಯದು, ಬೀಟಿನ ಪೊಲೀಸರ ಪರಿಚಯ. ಮನೆ ಮನೆಗೆ ಪೊಲೀಸ್ ಎಂಬ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಆರಂಭಿಸಿತು. ಬೀಟಿನ ಸಿಬ್ಬಂದಿ ಮನೆಗಳಿಗೆ ತಾವೇ ಬಂದು ಅಹವಾಲು ಕೇಳಬೇಕೆಂಬುದು ಅದರ ಉದ್ದೇಶ. ಉದ್ದೇಶ ಒಳ್ಳೆಯದು. ಆದರೆ ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಎರಡು ತೋಟ ದಾಟಬೇಕು. ಇರುವ ಸಿಬ್ಬಂದಿಯಲ್ಲಿ ಎಲ್ಲ ಮನೆಗೂ ಬರಲಿ ಎಂದು ಕಾಯುತ್ತ ಕೂರುವುದಕ್ಕಿಂತ, ಕೊಯ್ಲಿಗೆ ಮುಂಚೆ ಅವರನ್ನು ಸಂಘದ ಸಭೆಗೆ ಕರೆಯುವುದು ಲೇಸು. ಆಗ ಎಲ್ಲಿ ಕತ್ತಲು, ಯಾವ ದಾರಿಯಲ್ಲಿ ರಾತ್ರಿ ವಾಹನ ಓಡಾಟ ಎಂಬುದನ್ನು ನಾವೇ ತಿಳಿಸಬಹುದು. ಆ ಸಭೆಗೆ ಲೈನ್ ಮನೆಯವರನ್ನೂ ಕರೆಯಬೇಕು. ರಾತ್ರಿ ತೋಟದ ನಡುವೆ ಮಲಗುವವರು ಅವರು. ನಮಗಿಂತ ಹೆಚ್ಚು ಕಂಡಿರುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕೊಳ್ಳುವವನ ವಿಷಯ. ಕದ್ದ ಕಾಫಿಯನ್ನು ಕಳ್ಳ ಕುಡಿದು ಮುಗಿಸುವುದಿಲ್ಲ, ಕದ್ದ ಅಡಿಕೆಯನ್ನು ಅಗಿದು ಮುಗಿಸುವುದಿಲ್ಲ. ಯಾರೋ ಕೊಳ್ಳುತ್ತಾರೆ. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೇ ಹಾಕಬೇಕಾಗಿದ್ದ ಕಾಲ 1996ರಲ್ಲಿ ಪೂರ್ತಿ ಮುಗಿಯಿತು. ಮುಕ್ತ ಮಾರಾಟದಿಂದ ನಮಗೆ ಲಾಭವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂದು ರಸ್ತೆ ಬದಿಯ ಖರೀದಿಯಲ್ಲಿ ಅರ್ಧ ಚೀಲ ಚೆರಿ ತಂದವನನ್ನು ನಿನಗೆ ತೋಟ ಎಲ್ಲಿದೆ ಎಂದು ಕೇಳುವವರಿಲ್ಲ. ಹಸಿ ಅಡಿಕೆಯದೂ ಅದೇ ಪಾಡು. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸಜೆಗೆ ಅರ್ಹವಾದ ಅಪರಾಧ. ಅದನ್ನೇ ರೂಢಿ ಮಾಡಿಕೊಂಡವನಿಗೆ ಶಿಕ್ಷೆ ಇನ್ನೂ ಹೆಚ್ಚು.

ನಮ್ಮಲ್ಲೇ ಕೆಲವು ಸದಸ್ಯರು ಅಂಥ ಮಾಲನ್ನು ಕೇಳದೆ ಕೊಂಡು ತಮ್ಮದರೊಡನೆ ಬೆರೆಸಿ ಮಾರುತ್ತಾರೆಂಬ ಮಾತು ಕೇಳಿಬರುತ್ತಿದೆ. ಅದು ಸುಳ್ಳಾಗಲಿ ಎಂದೇ ಹಾರೈಸುತ್ತೇವೆ. ನಿಜವಾಗಿದ್ದರೆ, ಬೇಲಿಯೇ ಎದ್ದು ಹೊಲ ಮೇಯುವಾಗ ಪೊಲೀಸರನ್ನು ದೂರಿ ಫಲವೇನು?

ಮುಂದಿನ ಸಾಮಾನ್ಯ ಸಭೆಯ ಮುಂದೆ ಮೂರು ಸಲಹೆ ಇಡುತ್ತೇವೆ. ಸದಸ್ಯರಲ್ಲದವರಿಂದ ಪಹಣಿ ಮತ್ತು ಗುರುತಿನ ಚೀಟಿ ನೋಡದೆ ಸಂಘ ಮಾಲು ತೆಗೆದುಕೊಳ್ಳಕೂಡದು. ಪ್ರತಿ ಸದಸ್ಯರೂ ತಮ್ಮ ಚೀಲಗಳಿಗೆ ಸದಸ್ಯತ್ವದ ಸಂಖ್ಯೆಯನ್ನು ಬಣ್ಣದಿಂದ ಬರೆಸಬೇಕು. ಕಳವಾದ ಸದಸ್ಯರ ಜೊತೆ ಆಡಳಿತ ಮಂಡಳಿಯ ಒಬ್ಬರು ಠಾಣೆಗೆ ಹೋಗಿ ದೂರು ದಾಖಲಾಗುವವರೆಗೆ ಇರಬೇಕು. ಚಿಕ್ಕ ಹಿಡುವಳಿದಾರರು ಒಂಟಿಯಾಗಿ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ ಎಂಬುದು ನಮಗೆ ಅನುಭವದಿಂದ ಗೊತ್ತು.

ಶ್ರೀಗಂಧದ ಕಾವಲ್‌ನಲ್ಲಿ ಆ ಎರಡು ಕಂಬಗಳಿಗೆ ದೀಪ ಬಂತೆಂದು ಮಗಳು ಮೊನ್ನೆ ತಿಳಿಸಿದಳು. ಬೀದಿಯವರು ಒಟ್ಟಾಗಿ ಸಹಿ ಹಾಕಿ ಅರ್ಜಿ ಕೊಟ್ಟರಂತೆ. ಬಾಡಿಗೆದಾರರ ಸಹಿಯೂ ಇತ್ತಂತೆ. ನಮ್ಮ ಸಲಹೆಗಳಲ್ಲಿ ಕೊರತೆಯಿದ್ದರೆ ಸದಸ್ಯರು ಪತ್ರ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಈ ಕೊಯ್ಲಿನಲ್ಲಿ ಕಳವಾದವರು ಪತ್ರಕ್ಕೆ ಮುಂಚೆ ದೂರು ಬರೆಯಲಿ.

— ಕಾರ್ಯದರ್ಶಿ