ಗಾಲಿ ಸುಮ್ಮನಾದರೆ ಮಾತು ಕೇಳಿಸೀತು

ಸಂಸಾರವಂದಿಗರು ಕಾರು ಕೊಳ್ಳುವಾಗ ಅದರ ಬಣ್ಣವನ್ನು ಮನೆಮಂದಿಯೆಲ್ಲ ಕೂಡಿ ಆರಿಸುತ್ತಾರೆ. ಆಸನದ ಹೊದಿಕೆಯನ್ನು ಕುರಿತು ಎರಡು ದಿನ ವಾದವಿವಾದ ನಡೆಯುವುದೂ ಉಂಟು. ಆದರೆ ನಾಲ್ಕೈದು ವರ್ಷ ಕಳೆದು ಟೈರು ಸವೆದಾಗ, ಹೊಸ ಟೈರನ್ನು ಆರಿಸುವ ಕೆಲಸ ಮಾತ್ರ ಅಂಗಡಿಯವನ ಪಾಲಿಗೆ ಬೀಳುತ್ತದೆ. “ಯಾವುದಾದರೂ ಒಳ್ಳೆಯದು ಹಾಕಿಬಿಡಪ್ಪಾ” ಎಂದು ಹೇಳಿ ಯಜಮಾನರು ಚಹಾ ಕುಡಿಯಲು ಎದ್ದು ಹೋಗುತ್ತಾರೆ. ಗಾಡಿಗೂ ನೆಲಕ್ಕೂ ಇರುವ ಸಂಬಂಧವೆಲ್ಲ ಅಂಗೈಯಗಲದ ನಾಲ್ಕು ತುಂಡು ರಬ್ಬರಿನ ಮೂಲಕವೇ ನಡೆಯತಕ್ಕದ್ದು ಎಂಬುದು ಆಗ ಯಾರ ನೆನಪಿಗೂ ಬರುವುದಿಲ್ಲ.

ಇಳಕಲ್ಲಿನಲ್ಲಿ ಸೀರೆಯ ವ್ಯಾಪಾರ ಮಾಡುವ ನನ್ನ ಪರಿಚಿತರೊಬ್ಬರಿಗೆ ಇದು ಕಳೆದ ವರ್ಷ ನೆನಪಿಗೆ ಬಂದ ಬಗೆ ಹೇಳತಕ್ಕಂತಹುದು. ಅವರ ತಾಯಿಗೆ ಎಂಬತ್ತರ ಸಮೀಪದ ವಯಸ್ಸು. ಕಿವಿಗೆ ಯಂತ್ರವನ್ನು ಹಾಕಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಬಾಗಲಕೋಟೆಯ ವೈದ್ಯರಲ್ಲಿಗೆ, ಬನದ ಹುಣ್ಣಿಮೆಯ ಕಾಲಕ್ಕೆ ಬಾದಾಮಿಯ ಬನಶಂಕರಿಗೆ ಮಗನ ಕಾರಿನಲ್ಲಿ ಹೋಗಿಬರುವುದು ಅವರ ವಾಡಿಕೆ. ಅಂತಹವರು ಒಮ್ಮಿಂದೊಮ್ಮೆಲೇ “ನಾ ಒಲ್ಲೆ” ಎಂದುಬಿಟ್ಟರು. ಮಗ ಅದನ್ನು ಮೊಣಕಾಲು ನೋವೆಂದು ಭಾವಿಸಿದರು. ಕೊನೆಗೆ ಮೊಮ್ಮಗಳು ಕೇಳಿದಾಗ ನಿಜಸಂಗತಿ ಹೊರಬಿದ್ದಿತು.

“ಗಾಡ್ಯಾಗ ನೀವೆಲ್ಲಾ ನಗತೀರಿ. ಯಾಕ ನಗತೀರಂತ ನನಗ ತಿಳಿಯೂದಿಲ್ಲವ್ವಾ. ಕಿವ್ಯಾಗ ಬರೇ ಗುಂಯ್ ಅಂತೈತಿ. ಕಲ್ಲಿನ್ಹಂಗ ಕುಂದರಾಕ ನಾ ಯಾಕ ಬರಬೇಕು?”

ಕಿವಿಯ ಯಂತ್ರವು ಮಾತನ್ನು ದೊಡ್ಡದು ಮಾಡುವಾಗ ಸುತ್ತಲಿನ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ನಮಗೆ ಅಭ್ಯಾಸವಾಗಿ ಹೋಗಿರುವ ಗಾಲಿಯ ಸದ್ದು ಅವರ ಪಾಲಿಗೆ ಮಾತನ್ನೆಲ್ಲ ನುಂಗುವ ಹೊಳೆಯಾಗಿದ್ದಿತು. ಮಗನಿಗೆ ನಾಚಿಕೆಯಾಯಿತು. “ದುಡ್ಡು ಎಷ್ಟಾದರೂ ಆಗಲಿ, ಸದ್ದಿಲ್ಲದ ಟೈರು ಯಾವುದು ಹೇಳಿರಿ” ಎಂದು ನನ್ನನ್ನು ಕೇಳಿದರು. ಆ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿಲ್ಲ. ಆದರೆ ಉತ್ತರವನ್ನು ಕಂಡುಕೊಳ್ಳುವ ಕ್ರಮವೊಂದುಂಟು. ಅದನ್ನೇ ಈ ವಾರ ವಾಚಕರ ಮುಂದಿಡುತ್ತೇನೆ.

ಮೊದಲನೆಯದಾಗಿ, ಗಾಡಿಯ ಸದ್ದೆಲ್ಲ ಟೈರಿನ ಸದ್ದಲ್ಲ. ಇದನ್ನು ತಿಳಿಯಲು ನಮ್ಮ ಸೀಮೆಯ ರಸ್ತೆಗಳೇ ಸಾಕು. ಇಳಕಲ್ಲಿನಿಂದ ಹುನಗುಂದದವರೆಗೆ 50ನೆಯ ರಾಷ್ಟ್ರೀಯ ಹೆದ್ದಾರಿಯ ನುಣುಪಾದ ಹಾದಿಯಲ್ಲಿ ಒಂದೇ ವೇಗದಿಂದ ಹೋಗಬೇಕು. ಅನಂತರ ಜಲ್ಲಿ ಎದ್ದು ಕಾಣುವ ಒಳರಸ್ತೆಯಲ್ಲಿಯೂ ಹಾಗೆಯೇ ಹೋಗಿ ನೋಡಬೇಕು. ರಸ್ತೆ ಬದಲಾದಂತೆ ಸದ್ದಿನ ದನಿಯೂ ಬದಲಾದರೆ ಅದು ಟೈರಿನದು. ರಸ್ತೆ ಎಂತಹುದಿದ್ದರೂ ಸದ್ದು ಒಂದೇ ಸಮನಾಗಿದ್ದು, ವೇಗದೊಡನೆ ಏರುತ್ತ, ಒಂದು ಮಗ್ಗುಲಿನ ತಿರುವಿನಲ್ಲಿ ಹೆಚ್ಚಿ ಇನ್ನೊಂದು ಮಗ್ಗುಲಿನ ತಿರುವಿನಲ್ಲಿ ತಗ್ಗುವುದಾದರೆ ಗಾಲಿಯ ಬೇರಿಂಗ್ ಸವೆದಿದೆಯೆಂದು ಸಂಶಯಪಡಬೇಕು. ಬೇರಿಂಗಿನ ತಪ್ಪಿಗೆ ನಾಲ್ಕು ಟೈರು ಬದಲಿಸಿದರೆ ಹಣ ಹೋದೀತು, ಸದ್ದು ಉಳಿದೀತು. ಅದಕ್ಕಿಂತ ಹೆಚ್ಚಾಗಿ ಅಪಾಯವೂ ಉಳಿದೀತು.

ಎರಡನೆಯ ಪರೀಕ್ಷೆ ಅಂಗೈಯದು. ನಿಂತ ಗಾಡಿಯ ಟೈರಿನ ಮೇಲ್ಮೈಯನ್ನು ಮೊದಲು ಹಿಂದಿನಿಂದ ಮುಂದಕ್ಕೂ ಆಮೇಲೆ ಮುಂದಿನಿಂದ ಹಿಂದಕ್ಕೂ ಸವರಿ ನೋಡಬೇಕು. ಒಂದು ಕಡೆಗೆ ನುಣುಪಾಗಿ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಕೈಗೆ ತಗಲಿದರೆ ರಬ್ಬರಿನ ತುಂಡುಗಳು ಓರೆಯಾಗಿ ಸವೆದಿವೆಯೆಂದೇ ಅರ್ಥ. ಆ ಹಲ್ಲುಗಳು ಒಂದೊಂದಾಗಿ ನೆಲಕ್ಕೆ ಬಡಿಯುವುದೇ ಆ ಗುಂಯ್‌ಗುಡುವಿಕೆ. ನಮ್ಮ ವ್ಯಾಪಾರಸ್ಥರ ಗಾಡಿಯ ಹಿಂದಿನ ಎರಡೂ ಟೈರುಗಳ ಸ್ಥಿತಿ ಹೀಗೆಯೇ ಇದ್ದಿತು. 8–10 ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನ ಟೈರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸತಕ್ಕದ್ದು; ಅವರು ಒಮ್ಮೆಯೂ ಬದಲಿಸಿರಲಿಲ್ಲ. ಮುದುಕಿ ಕೂಡುತ್ತಿದ್ದುದು ಹಿಂದಿನ ಆಸನದಲ್ಲಿ, ಸರಿಯಾಗಿ ಆ ಗರಗಸಗಳ ನಡುವೆ!

ಟೈರಿನದೇ ತಪ್ಪೆಂದು ಖಚಿತವಾಯಿತು. ಇನ್ನು ಆಯ್ಕೆಯ ಮಾತು. ಪ್ರಯಾಣದಲ್ಲಿ ನಮ್ಮನ್ನು ದಣಿಸುವ ಸಂಗತಿಗಳು ಎರಡು: ಒಂದು ಸದ್ದು, ಇನ್ನೊಂದು ಕುಲುಕಾಟ. ಸದ್ದು ಬಹುಮಟ್ಟಿಗೆ ಟೈರಿನ ಮೇಲ್ಮೈಯ ಕೆತ್ತನೆಯಿಂದ ಹುಟ್ಟುತ್ತದೆ. ಕುಲುಕಾಟವನ್ನು ತಡೆಯುವುದು ಟೈರಿನ ಪಕ್ಕದ ಗೋಡೆ ಮತ್ತು ಒಳಗಿನ ಗಾಳಿ. ನಮ್ಮ ಕಡೆಗೆ ಇವೆರಡನ್ನೂ ನೋಡಿಕೊಳ್ಳಬೇಕಾಗುತ್ತದೆ. ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಸದ್ದು ಏರುತ್ತದೆ. ಹುನಗುಂದದ ಸುತ್ತಣ ಎರೆಭೂಮಿಯಾದರೋ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನೆಲ. ಅದರ ಮೇಲೆ ಹಾಸಿದ ಡಾಂಬರು ಎಷ್ಟೇ ಚೆನ್ನಾಗಿದ್ದರೂ ಕೆಲಕಾಲದಲ್ಲಿ ಅಲೆಯಲೆಯಾಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟನ್ನು ಹೊತ್ತ ಲಾರಿಗಳು ಓಡಾಡುವ ಹಾದಿಯಲ್ಲಿ ಕಲ್ಲಿನ ಚೂರುಗಳು ಬಿದ್ದಿರುತ್ತವೆ. ಹೊಲದ ಬದುವಿನ ಜಾಲಿಮುಳ್ಳಂತೂ ಯಾರನ್ನೂ ಬಿಟ್ಟಿದ್ದಲ್ಲ.

ಗಾಳಿಯ ಟೈರು ಹುಟ್ಟಿದುದೇ ಸುಖಪ್ರಯಾಣಕ್ಕಾಗಿ ಎಂಬುದನ್ನು ಇಲ್ಲಿ ನೆನೆಯಬಹುದು. 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವರು ಗಾಳಿ ತುಂಬಿದ ಗಾಲಿಗೆ ಪೇಟೆಂಟು ಪಡೆದಿದ್ದರು, ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅವರು ತಮ್ಮ ಮಗನ ಮೂರುಗಾಲಿಯ ಸೈಕಲ್ಲು ಒರಟು ನೆಲದ ಮೇಲೆ ಕುಲುಕುವುದನ್ನು ತಪ್ಪಿಸಲು ಅದೇ ಉಪಾಯವನ್ನು ಹೊಸದಾಗಿ ಕಂಡುಹಿಡಿದರು. ಚಕ್ಕಡಿಯ ಕಬ್ಬಿಣದ ಹಳಿಗೂ ಕಾರಿನ ಗಾಲಿಗೂ ಇರುವ ವ್ಯತ್ಯಾಸವೆಲ್ಲ ಆ ಗಾಳಿಯಲ್ಲಿದೆ. ಆ ಗಾಳಿಗೆ ಎಷ್ಟು ಸ್ಥಳ ಕೊಡುತ್ತೇವೆಯೋ ಅಷ್ಟು ಸುಖ.

ಈಗ ಟೈರಿನ ಪಕ್ಕದ ಬರಹವನ್ನು ಓದೋಣ. ನಮ್ಮ ವ್ಯಾಪಾರಸ್ಥರ ಗಾಡಿಯಲ್ಲಿ ‘185/65 ಆರ್ 15 88 ಎಚ್’ ಎಂದಿದ್ದಿತು. 185 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರವು ಆ ಅಗಲದ ಶೇಕಡಾ 65 ಭಾಗ. ‘ಆರ್’ ಎಂದರೆ ರೇಡಿಯಲ್ ರಚನೆ. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 88 ಎಂಬುದು ಭಾರದ ಗುರುತು. ಒಂದು ಟೈರು 560 ಕಿಲೋ ಹೊರಬಲ್ಲುದೆಂದು ಅದರ ಅರ್ಥ. ‘ಎಚ್’ ಎಂಬುದು ಗಂಟೆಗೆ 210 ಕಿಲೋಮೀಟರಿನ ವೇಗದ ಮಿತಿ. ಭಾರದ ಮತ್ತು ವೇಗದ ಗುರುತುಗಳು ಗಾಡಿಗೆ ವಿಧಿಸಿದುದಕ್ಕಿಂತ ಕೆಳಗೆ ಇಳಿಯಕೂಡದು.

ಅವರ ಮಗನಿಗೆ ಬೇರೊಂದು ಆಸೆ. ಹದಿನಾರು ಅಂಗುಲದ ಹೊಳೆಯುವ ರಿಮ್ಮು, ಅದಕ್ಕೆ 195/55ರ ಟೈರು. “ಗಾಡಿ ಭಾಳ ಛಲೋ ಕಾಣತೈತ್ರೀ ಅಪ್ಪಾರ” ಎಂದು ಅವನ ವಾದ. ಕಾಣುವುದು ನಿಜ. ಆದರೆ ಲೆಕ್ಕ ಹಾಕಿ ನೋಡಿ: 185ರ ಶೇಕಡಾ 65 ಎಂದರೆ 120 ಮಿಲಿಮೀಟರು; 195ರ ಶೇಕಡಾ 55 ಎಂದರೆ 107. ಒಟ್ಟು ಗಾಲಿಯ ಎತ್ತರ ಎರಡರಲ್ಲಿಯೂ ಸುಮಾರು 621 ಮಿಲಿಮೀಟರೇ. ಅಂದಮೇಲೆ ಹೆಚ್ಚಿದುದು ಲೋಹ, ಕಡಿಮೆಯಾದುದು ಗಾಳಿ. ಹೊಂಡಕ್ಕೂ ರಿಮ್ಮಿಗೂ ನಡುವೆ ಇದ್ದ ಮೆತ್ತೆಯಲ್ಲಿ 13 ಮಿಲಿಮೀಟರು ಹೋಯಿತು. ಅಜ್ಜಿಯ ಬೆನ್ನಿಗೆ ಆ 13 ಮಿಲಿಮೀಟರು ಸಣ್ಣದಲ್ಲ. ಗಾಡಿ ತಯಾರಾದಾಗಿನ ಅಳತೆಯನ್ನೇ ಇಟ್ಟುಕೊಳ್ಳುವುದೆಂದು ಕೊನೆಗೆ ತೀರ್ಮಾನವಾಯಿತು.

ಕೆತ್ತನೆಯ ವಿಷಯದಲ್ಲಿ ಕಣ್ಣೇ ಒಂದು ಅಳತೆಗೋಲು. ದೊಡ್ಡ ದೊಡ್ಡ ಗಡ್ಡೆಗಳೂ ಅಗಲವಾದ ಸಂದುಗಳೂ ಇರುವ ಟೈರು ಕೆಸರಿಗೆ ಒಳ್ಳೆಯದು. ಹೆದ್ದಾರಿಯಲ್ಲಿ ಗದ್ದಲ ಮಾಡುತ್ತದೆ. ಉದ್ದುದ್ದ ಪಟ್ಟಿಗಳೂ ಒತ್ತಾದ ಸಣ್ಣ ತುಂಡುಗಳೂ ಉಳ್ಳದ್ದು ಶಾಂತವಾದುದು. ಆ ತುಂಡುಗಳು ಬೇರೆ ಬೇರೆ ಅಳತೆಯವಾಗಿರುವುದನ್ನೂ ಗಮನಿಸಬಹುದು. ಎಲ್ಲವೂ ಒಂದೇ ಅಳತೆಯವಾದರೆ ಒಂದೇ ಶ್ರುತಿಯ ಸಿಳ್ಳು ಹುಟ್ಟುತ್ತದೆ. ಅದನ್ನು ಚದುರಿಸುವುದಕ್ಕಾಗಿಯೇ ತಯಾರಕರು ಅಳತೆಗಳನ್ನು ಬೆರೆಸುತ್ತಾರೆ. ಒಳಮೈಗೆ ಸ್ಪಂಜು ಅಂಟಿಸಿದ ಟೈರುಗಳೂ ಉಂಟು. ಅವು ಒಳಗಿನ ಗಾಳಿಯ ಮೊಳಗನ್ನು ತಗ್ಗಿಸುತ್ತವೆ. ಆದರೆ ಬೆಲೆ ಹೆಚ್ಚು, ಪಂಚರ್ ತೆಗೆಯುವ ಕೆಲಸವೂ ಕಷ್ಟದ್ದು. ಜಾಲಿಮುಳ್ಳಿನ ಸೀಮೆಯಲ್ಲಿ ಇದನ್ನು ಯೋಚಿಸಿಯೇ ಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಯುರೋಪಿನಲ್ಲಿ 2012ರ ನವೆಂಬರಿನಿಂದ ಟೈರಿನ ಮೇಲೆ ಸದ್ದಿನ ಡೆಸಿಬೆಲ್ ಸಂಖ್ಯೆಯನ್ನು ನಮೂದಿಸುವ ಕ್ರಮವಿದೆ. ನಮ್ಮ ದೇಶದಲ್ಲಿಯೂ ಎ.ಐ.ಎಸ್. 142 ಎಂಬ ಮಾನಕವು ಉರುಳುವಾಗಿನ ತಡೆ, ಒದ್ದೆ ನೆಲದ ಹಿಡಿತ, ಸದ್ದು ಈ ಮೂರಕ್ಕೂ ಮಿತಿಗಳನ್ನು ವಿಧಿಸಿದ್ದು, ಹೊಸ ವಿನ್ಯಾಸದ ಟೈರುಗಳಿಗೆ ಅದು 2022ರ ಅಕ್ಟೋಬರ್ 1ರಿಂದ ಅನ್ವಯವಾಯಿತು. ಆದರೆ ಆ ಡೆಸಿಬೆಲ್ ಸಂಖ್ಯೆಯು ರಸ್ತೆಯ ಬದಿಯಲ್ಲಿ, ಗಾಡಿಯ ಹಾದಿಯ ನಡುಗೆರೆಯಿಂದ ಏಳೂವರೆ ಮೀಟರು ದೂರದಲ್ಲಿ ನಿಂತವನಿಗೆ ಕೇಳುವ ಸದ್ದಿನದು. ಒಳಗೆ ಕುಳಿತವರಿಗೆ ಕೇಳುವುದರದಲ್ಲ. ಹೊರಗೆ ಶಾಂತವಾದ ಟೈರು ಒಳಗೂ ಶಾಂತವಾಗಿರುವುದು ಸಂಭವ, ನಿಶ್ಚಯವಲ್ಲ. ಅದೇ ಜಾತಿಯ ಗಾಡಿಗೆ ಅದೇ ಟೈರನ್ನು ಹಾಕಿಸಿ ಹತ್ತಿಪ್ಪತ್ತು ಸಾವಿರ ಕಿಲೋಮೀಟರು ಓಡಿಸಿದವರನ್ನು ಹುಡುಕಿ, ಅವರ ಗಾಡಿಯ ಹಿಂದಿನ ಆಸನದಲ್ಲಿ ಒಂದು ಗಳಿಗೆ ಕುಳಿತು ಬರುವುದೇ ಮೇಲು. ಹೊಸದಾಗಿ ಹಾಕಿಸಿದವರ ಹೊಗಳಿಕೆಯನ್ನು ನಂಬಬಾರದು; ಸವೆದ ಹಳೆಯದರ ಮುಂದೆ ಹೊಸ ಟೈರುಗಳೆಲ್ಲವೂ ಶಾಂತವೇ.

ಶಾಂತಿಗಾಗಿ ಹಿಡಿತವನ್ನು ಮಾರಿಕೊಳ್ಳಬಾರದೆಂಬುದು ಇನ್ನೊಂದು ಮಾತು. ಮುಂಗಾರಿನಲ್ಲಿ ಟ್ರಾಕ್ಟರುಗಳು ಹೊಲದಿಂದ ಎರೆಮಣ್ಣನ್ನು ಹೊತ್ತು ತಂದು ಡಾಂಬರಿನ ಮೇಲೆ ಬಳಿಯುತ್ತವೆ. ಆ ಜಾರಿಕೆಯಲ್ಲಿ ಒದ್ದೆ ನೆಲದ ಹಿಡಿತವೇ ಪ್ರಾಣ ಕಾಯುವಂತಹುದು. ಮೆತ್ತನೆಯ ಟೈರು ಬೇಗ ಸವೆಯುವುದುಂಟು, ತೆಳುವಾದ ಪಕ್ಕದ ಗೋಡೆ ಹೊಂಡದ ಅಂಚಿಗೆ ಸೀಳುವುದೂ ಉಂಟು. ಸುಖ, ಬಾಳಿಕೆ, ಹಿಡಿತ ಈ ಮೂರರಲ್ಲಿ ಮೊದಲು ಹಿಡಿತ, ಆಮೇಲೆ ಸುಖ, ಕೊನೆಗೆ ಬಾಳಿಕೆ ಎಂಬುದು ಸಂಸಾರದ ಗಾಡಿಗೆ ತಕ್ಕ ಕ್ರಮವೆಂದು ನನ್ನ ಅಭಿಪ್ರಾಯ.

ಬಾಗಲಕೋಟೆಯ ಟೈರಿನ ಅಂಗಡಿಗೆ ಹೋದಾಗ ನಾವು ಮೊದಲು ನೋಡಿದುದು ಬೆಲೆಯನ್ನಲ್ಲ, ಜನ್ಮದಿನಾಂಕವನ್ನು. ಪಕ್ಕದ ಗೋಡೆಯ ಮೇಲೆ ‘ಡಿ.ಓ.ಟಿ.’ ಎಂಬ ಅಕ್ಷರಗಳಿಂದ ಮೊದಲಾಗುವ ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ತಿಳಿಯಬೇಕು. ರಬ್ಬರು ಓಡದೆ ಇದ್ದರೂ ಮುದಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಗಟ್ಟಿಯಾದ ರಬ್ಬರಿನಲ್ಲಿ ಹಿಡಿತವೂ ಇಲ್ಲ, ಸುಖವೂ ಇಲ್ಲ. ಅಂಗಡಿಯವರು ಬೇಸರಿಸದೆ ಒಳಗಿನಿಂದ ಹೊಸ ತಯಾರಿಕೆಯನ್ನು ತಂದುಕೊಟ್ಟರು. ಕೇಳಿದರೆ ಕೊಡುತ್ತಾರೆ; ನಾವು ಕೇಳುವುದಿಲ್ಲ.

ನಾಲ್ಕನ್ನೂ ಒಂದೇ ಜಾತಿಯವನ್ನು ಹಾಕಿಸುವುದು ಉತ್ತಮ. ಕೈಯಲ್ಲಿ ಹಣ ಸಾಲದೆ ಎರಡನ್ನೇ ಕೊಂಡರೆ ಆ ಹೊಸ ಎರಡೂ ಹಿಂದಿನ ಗಾಲಿಗಳಿಗಿರಲಿ; ಒದ್ದೆ ನೆಲದಲ್ಲಿ ಹಿಂಗಾಲು ಜಾರಿದರೆ ಗಾಡಿ ತಿರುಗಿಬಿಡುತ್ತದೆ. ಹಳೆಯದರ ಸಂದಿನೊಳಗೆ ಅಡ್ಡಲಾಗಿರುವ ಸಣ್ಣ ದಿಂಡುಗಳು ಮೇಲ್ಮೈಗೆ ಸಮನಾದರೆ 1.6 ಮಿಲಿಮೀಟರಿನ ಕನಿಷ್ಠ ಮಿತಿ ಮುಟ್ಟಿತೆಂದು ತಿಳಿದು, ಆ ಟೈರನ್ನು ಒಡನೆಯೇ ಬಿಡಬೇಕು. ಹೊಸದರ ಜೊತೆಗೆ ವಾಲ್ವು, ಬ್ಯಾಲೆನ್ಸಿಂಗ್, ವ್ಹೀಲ್ ಅಲೈನ್‌ಮೆಂಟ್ ಇವು ಖರ್ಚೆಂದು ಬಿಡತಕ್ಕವಲ್ಲ. ಅಲೈನ್‌ಮೆಂಟ್ ತಪ್ಪಿದ ಗಾಡಿಯಲ್ಲಿ ಶಾಂತವಾದ ಟೈರೂ ಕೆಲವೇ ತಿಂಗಳಲ್ಲಿ ಮತ್ತೆ ಗರಗಸವಾಗುತ್ತದೆ.

ಕೊನೆಯದು, ಎಲ್ಲಕ್ಕಿಂತ ಅಗ್ಗವಾದುದು, ಗಾಳಿ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಇರಬೇಕು. ಅನೇಕ ಗಾಡಿಗಳಲ್ಲಿ ಇಬ್ಬರು ಕುಳಿತಾಗ ಒಂದು ಅಳತೆ, ತುಂಬಿ ಕುಳಿತಾಗ ಇನ್ನೊಂದು ಅಳತೆ ಎಂದಿರುತ್ತದೆ. ಗಾಳಿಯನ್ನು ಟೈರು ತಣ್ಣಗಿರುವಾಗ, ಬೆಳಗಿನ ಹೊತ್ತು ನೋಡಿಸತಕ್ಕದ್ದು. ಮಧ್ಯಾಹ್ನ ಓಡಿ ಬಂದ ಟೈರಿನ ಅಳತೆ ಏರಿರುತ್ತದೆ. ಅದನ್ನು ಕಂಡು ಗಾಳಿ ಇಳಿಸುವುದು ತಪ್ಪು. ಬೇಸಿಗೆಯೆಂದು ಕಡಿಮೆ ಹಾಕಿಸುವ ಪದ್ಧತಿ ನಮ್ಮಲ್ಲಿದೆ. ಗಾಳಿ ಕಡಿಮೆಯಾದರೆ ಟೈರು ಹೆಚ್ಚು ಮಡಚಿ, ಹೆಚ್ಚು ಕಾದು, ಒಡೆಯುವ ಭಯವೇ ಹೆಚ್ಚು. ಅತಿಯಾದರೆ ಚಕ್ಕಡಿಯ ಹಳಿಯ ಸುಖವೇ ಗತಿ.

ಇಷ್ಟೆಲ್ಲ ಮಾಡಿದ ಮೇಲೆ ಗಾಡಿ ಮೂಕವಾಯಿತೇ? ಇಲ್ಲ. ಒರಟು ಜಲ್ಲಿಯ ರಸ್ತೆಯಲ್ಲಿ ಅದು ಈಗಲೂ ಗೊಣಗುತ್ತದೆ. ಯಾವ ಟೈರೂ ರಸ್ತೆಯ ದೋಷವನ್ನು ಪೂರ್ತಿಯಾಗಿ ಮುಚ್ಚಲಾರದು. ಆದರೆ ಈ ಸಲದ ಬನದ ಹುಣ್ಣಿಮೆಗೆ ಅವರ ಸಂಸಾರವು ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲುಗಳ ಮೇಲೆ ಬಾದಾಮಿಗೆ ಹೊರಟಿತು. ಬಹಳ ಒತ್ತಾಯದ ಮೇಲೆ ಅಜ್ಜಿಯೂ ಬಂದರು. ಮುಂದಿನ ಆಸನದಲ್ಲಿದ್ದ ಕಿರಿಯ ಮೊಮ್ಮಗ, ಐಹೊಳೆಯೆಂದರೆ ಐದು ಹೊಳೆಗಳ ಊರೆಂದು ತನ್ನ ಅಕ್ಕನಿಗೆ ಪಾಠ ಹೇಳುತ್ತಿದ್ದ. ಹಿಂದಿನಿಂದ ದನಿ ಬಂದಿತು:

“ಐದು ಹೊಳಿ ಅಲ್ಲೋ ತಮ್ಮಾ! ಪರಶುರಾಮ ಕೊಡಲಿ ತೊಳದಾಗ ನೀರು ಕೆಂಪಾತು. ನೋಡಿದಾಕಿ ‘ಅಯ್ಯೋ ಹೊಳಿ’ ಅಂದಳಂತ. ಸರಿಯಾಗಿ ಹೇಳು.”

ಮರುದಿನ ಅವರು ನನಗೆ ಫೋನು ಮಾಡಿ ಈ ಸಂಗತಿಯನ್ನು ಎರಡು ಸಲ ಹೇಳಿದರು. ಟೈರಿನ ಮಾತನ್ನು ಎತ್ತಲೇ ಇಲ್ಲ.