ಪಾಲಾದ ಮನೆಗೆ ಒಂದೇ ನ್ಯೂಟ್ರಲ್ ಸಾಲದು

ಅಣ್ಣತಮ್ಮಂದಿರು ಪಾಲಾಗುವಾಗ ಹೊಲ ಅಳೀತೀವಿ, ಬದು ಹಾಕ್ತೀವಿ, ನಡುಮನೆಗೆ ಗೋಡೆ ಎಬ್ಬಿಸ್ತೀವಿ. ಕರೆಂಟಿನ ಮೀಟರೂ ಎರಡಾಗುತ್ತದೆ. ಆದರೆ ಸೂರಿನಡಿ ಹಾದುಹೋದ ಕಪ್ಪು ತಂತಿಯೊಂದು ಮಾತ್ರ ಇಬ್ಬರಿಗೂ ಕೂಡಿಯೇ ಉಳಿಯುತ್ತದೆ. "ಫೇಸ್ ಬೇರೆ ಎಳೆದಿದ್ದೀನಿ, ನ್ಯೂಟ್ರಲ್ ಅದೇ ಸಾಕು, ಸುಮ್ನೆ ಯಾಕೆ ಖರ್ಚು" ಅಂತಾನೆ ವೈರಿಂಗ್ ಮಾಡುವವನು. ನಾವೂ ಹೂಂ ಅಂತೀವಿ. ಈ ಉಳಿತಾಯ ಬೇಡ ಅನ್ನೋದು ನನ್ನ ವಾದ.

ನ್ಯೂಟ್ರಲ್ ಅಂದರೆ ಸತ್ತ ತಂತಿ, ಅದು ಹೊಡೆಯಲ್ಲ ಅಂತ ಹಳ್ಳಿಯಲ್ಲಿ ಬಹಳ ಜನ ನಂಬಿದ್ದಾರೆ. ಫೇಸಿನಲ್ಲಿ ಬಂದಷ್ಟೂ ಕರೆಂಟು ನ್ಯೂಟ್ರಲಿನಲ್ಲಿ ವಾಪಸ್ ಹೋಗಲೇಬೇಕು. ಎರಡು ಹೊಲದ ಮಳೆನೀರನ್ನು ಒಂದು ಹೊಲದ ಕೋಡಿಗೆ ಬಿಟ್ಟರೆ ಕೋಡಿ ಉಳಿಯುತ್ತದೆಯೇ? ಎರಡೂ ಮನೆ ಒಂದೇ ಫೇಸಿನಲ್ಲಿದ್ದು, ತಲಾ 10 ಆಂಪಿಯರ್ ಎಳೆದರೆ ಆ ಒಂದೇ ತಂತಿಯಲ್ಲಿ 20 ಆಂಪಿಯರ್ ಹರಿಯುತ್ತದೆ. ಫ್ಯೂಸ್ ಇರುವುದು ಫೇಸಿಗೆ. ಎರಡು ಫ್ಯೂಸೂ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇರುತ್ತವೆ, ನಡುವೆ ನ್ಯೂಟ್ರಲ್ ಬೇಯುತ್ತಿರುತ್ತದೆ. ಇನ್ನೊಂದು ಮಾತು: ನಮ್ಮ ಮನೆಯ ಫ್ಯೂಸ್ ಕಿತ್ತು ಧೈರ್ಯವಾಗಿ ನ್ಯೂಟ್ರಲ್ ಜಾಯಿಂಟ್ ಬಿಚ್ಚಿದವನಿಗೆ ಪಕ್ಕದ ಮನೆಯ ಕರೆಂಟು ಹೊಡೆಯುತ್ತದೆ.

ಎರಡು ಮನೆ ಬೇರೆ ಬೇರೆ ಫೇಸಿನಲ್ಲಿದ್ದರೆ ಕಥೆಯೇ ಬೇರೆ. ಕೂಡು ನ್ಯೂಟ್ರಲ್ ಗಟ್ಟಿ ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಇಲಿ ಕಡಿದೋ, ಟೇಪು ಸುತ್ತಿದ ಜಾಯಿಂಟ್ ಸಡಿಲಾಗಿಯೋ ಅದು ಕಂಬದ ಕಡೆ ತುಂಡಾಯಿತು ಅನ್ನಿ. ಆಗ ಎರಡು ಫೇಸಿನ ನಡುವಿನ 400 ವೋಲ್ಟ್ ಎರಡೂ ಮನೆಯ ಸಾಮಾನಿನ ಮೂಲಕ ಹಾಯುತ್ತದೆ. ಅಣ್ಣನ ಮನೆಯಲ್ಲಿ 1000 ವ್ಯಾಟಿನ ನೀರು ಕಾಯಿಸುವ ಕಾಯಿಲ್, ತಮ್ಮನ ಮನೆಯಲ್ಲಿ 100 ವ್ಯಾಟಿನ ಬಲ್ಬು ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಕಾಯಿಲಿಗೆ ಸಿಗೋದು ಸುಮಾರು 36 ವೋಲ್ಟ್, ಬಲ್ಬಿನ ಮೇಲೆ ಬೀಳೋದು 360ಕ್ಕೂ ಹೆಚ್ಚು! ದೊಡ್ಡ ಸಾಮಾನು ಬದುಕುತ್ತದೆ, ಸಣ್ಣದು ಸುಡುತ್ತದೆ. ಟಿವಿ, ಮೊಬೈಲ್ ಚಾರ್ಜರ್ ಆ ಸಣ್ಣ ಸಾಲಿನವೇ. ಫ್ಯೂಸ್ ಕಾಪಾಡೀತು ಅಂತ ಕೂರಬೇಡಿ, ಈ ಲೆಕ್ಕದಲ್ಲಿ ಒಂದು ಆಂಪಿಯರೂ ಹರಿಯುವುದಿಲ್ಲ.

"ಟ್ರಾನ್ಸ್‌ಫಾರ್ಮರಿನಿಂದ ಊರಿಗೆಲ್ಲ ಬರೋದು ಒಂದೇ ನ್ಯೂಟ್ರಲ್ ತಾನೆ?" ಅಂತ ಕೇಳುವವರಿದ್ದಾರೆ. ಕೇಳೋದು ಸರಿಯೇ. ಮೂರು ಫೇಸಿನ ಮೇಲೂ ಮನೆಗಳನ್ನು ಸಮವಾಗಿ ಹಂಚಿದ್ದರೆ ವಾಪಸ್ ಬರುವ ಕರೆಂಟು ಒಂದಕ್ಕೊಂದು ಬಹುಪಾಲು ವಜಾ ಆಗಿಬಿಡುತ್ತದೆ. ಆ ನ್ಯೂಟ್ರಲಿಗೆ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಅರ್ಥಿಂಗೂ ಇರುತ್ತದೆ. ಅಷ್ಟಿದ್ದೂ ಗಾಳಿಮಳೆಗೆ ಅದು ಕಡಿದ ದಿನ ಓಣಿಯ ಟಿವಿಗಳೆಲ್ಲ ಹೊಗೆಯಾಡೋದನ್ನ ಕಂಡವರೇ ನಾವು. ಆ ಅಪಾಯವನ್ನ ಮನೆಯೊಳಗೂ ಯಾಕೆ ಕಟ್ಟಿಕೊಳ್ಳಬೇಕು?

ಬಿಲ್ಲಿನ ವಿಷಯವೂ ಇದೆ. ಈಗಿನ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಫೇಸು, ನ್ಯೂಟ್ರಲ್ ಎರಡನ್ನೂ ನೋಡಿ ಹೆಚ್ಚು ಹರಿದದ್ದನ್ನೇ ಲೆಕ್ಕ ಹಿಡಿಯುವಂಥವು ಇವೆ. ಕಳ್ಳತನ ತಡೆಯೋಕೆ ಮಾಡಿದ ಉಪಾಯ ಅದು. ತಮ್ಮನ ಕರೆಂಟು ಅಣ್ಣನ ಮೀಟರಿನ ಮೂಲಕ ವಾಪಸ್ ಹೋದರೆ ಅಣ್ಣನ ಯೂನಿಟ್ ಏರುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಪಾಲಾಗಿ ಮೊದಲೇ ಮಾತು ಕಮ್ಮಿಯಾದ ಮನೆಗಳಲ್ಲಿ ಇದು ಇನ್ನೊಂದು ಜಗಳ. ಈಎಲ್‌ಸಿಬಿ ಹಾಕಿಸಿದ್ದರೆ ಅದೂ ನಿಲ್ಲುವುದಿಲ್ಲ. ಹೋದದ್ದು, ಬಂದದ್ದು ತಾಳೆಯಾಗದೆ ಪದೇ ಪದೇ ಬೀಳುತ್ತದೆ. ಆಗ ನಮ್ಮವರು ಮಾಡೋದೇನು? ಜೀವ ಉಳಿಸುವ ಆ ಡಬ್ಬಿಯನ್ನೇ ಕಿತ್ತು ಹಾಕೋದು.

ಪಂಪ್‌ಸೆಟ್ ಮನೆಯ ದೀಪಕ್ಕೆ ಅರ್ಥಿಂಗ್ ಸರಳನ್ನೇ ನ್ಯೂಟ್ರಲ್ ಮಾಡೋದು ಇದಕ್ಕಿಂತ ಕೆಟ್ಟ ಚಾಳಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಬಲ್ಬು ಮಂದವಾಗುತ್ತದೆ, ನಾವು ಸರಳಿನ ಬುಡಕ್ಕೆ ಒಂದು ಕೊಡ ನೀರು ಸುರೀತೀವಿ. ಬಲ್ಬು ಮಂದವಾಯಿತು ಅಂದರೆ ಉಳಿದ ವೋಲ್ಟೇಜು ಆ ಸರಳಿನ ಮೇಲೇ ನಿಂತಿದೆ ಅಂತ ಅರ್ಥ. ಅದಕ್ಕೆ ಸೇರಿದ ಸ್ಟಾರ್ಟರ್ ಡಬ್ಬಿ, ಮೋಟರಿನ ಮೈ ಎಲ್ಲದರ ಮೇಲೂ. ಪಕ್ಕದಲ್ಲಿ ಮೇಯುವ ದನ ಮೊದಲು ಬಲಿ, ಮುಂಗಾಲು ಹಿಂಗಾಲಿನ ಅಂತರ ಜಾಸ್ತಿ ನೋಡಿ.

ನಿಮ್ಮ ಮನೆಯಲ್ಲಿ ಕೂಡು ನ್ಯೂಟ್ರಲ್ ಇದೆಯೋ ಇಲ್ಲವೋ ತಿಳಿಯಲು ಪಕ್ಕದ ಮನೆಯ ಮೇನ್ ಸ್ವಿಚ್ ಇಳಿಸಿ ನೋಡಿ. ನಿಮ್ಮ ದೀಪವೂ ಆರಿದರೆ ಅನುಮಾನವೇ ಬೇಡ. ಆರಿತು ಅಂತ ಹೋಲ್ಡರಿಗೆ ಕೈ ಹಾಕಬೇಡಿ, ಫೇಸ್ ಇನ್ನೂ ಜೀವಂತ ಇರುತ್ತದೆ. ಆರದಿದ್ದರೆ ಇಲ್ಲ ಅಂತ ಖಾತ್ರಿ ಹೇಳಲಾಗದು, ಕೂಡಿರುವುದು ಸ್ವಿಚ್ಚಿಗಿಂತ ಮೊದಲೂ ಇರಬಹುದು. ಲೈಸೆನ್ಸ್ ಇರುವ ವೈರ್‌ಮ್ಯಾನನ್ನು ಕರೆಸಿ, ಮೀಟರಿನಿಂದಲೇ ಪ್ರತಿ ಮನೆಗೆ ಫೇಸಿನಷ್ಟೇ ದಪ್ಪದ ನ್ಯೂಟ್ರಲ್ ಎಳೆಸಿ. ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಮೇನ್ ಹಾಕಿಸಿ. ನ್ಯೂಟ್ರಲಿಗೆ ಪ್ರತ್ಯೇಕ ಫ್ಯೂಸ್ ಇಡಬಾರದು ಅಂತ 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು. ಹಳೇ ಬೋರ್ಡುಗಳಲ್ಲಿ ಅದು ಇನ್ನೂ ಕೂತಿದೆ, ಅದನ್ನೂ ಅದೇ ದಿನ ತೆಗೆಸಿಬಿಡಿ.