ಬಂದರಿನ ಬೀಗದಕೈ ಯಾರ ಕೈಯಲ್ಲಿರಬೇಕು?

ಚರ್ಚೆಯ ಪ್ರಶ್ನೆ: ಪರರ ಆಳ್ವಿಕೆಯಿಂದ ಬಿಡಿಸಿಕೊಂಡ ತಾಂಜಾನಿಯಾ ತನ್ನ ಮುಖ್ಯ ಬಂದರನ್ನು ವಿದೇಶಿ ಕಂಪನಿಗೆ ನಡೆಸಲು ಕೊಟ್ಟದ್ದು ಸರಿಯೆ?

ದುಬೈನ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಬಾಡಿಗೆಗಿರುವ ಎಷ್ಟೋ ಕನ್ನಡ ಕುಟುಂಬಗಳಿಗೆ ಪಕ್ಕದ ಜೆಬೆಲ್ ಅಲಿ ಬಂದರೇ ಅನ್ನದ ದಾರಿ. ಆ ಬಂದರನ್ನು ನಡೆಸುವ ಡಿಪಿ ವರ್ಲ್ಡ್ 2023ರ ಅಕ್ಟೋಬರ್‌ನಲ್ಲಿ ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿನ ಒಂದು ಭಾಗವನ್ನು 30 ವರ್ಷ ನಡೆಸಲು ಸಹಿ ಹಾಕಿತು. ಮರುವರ್ಷ ಅಲ್ಲಿನ ಎರಡನೇ ಕಂಟೇನರ್ ಟರ್ಮಿನಲ್ ಅದಾನಿ ಪೋರ್ಟ್ಸ್ ಸೇರಿದ ಕೂಟಕ್ಕೆ ಹೋಯಿತು. ಒಂದೇ ಕಟ್ಟಡದ ಇಬ್ಬರು ನಿವಾಸಿಗಳು ಇಲ್ಲಿ ಎದುರುಬದುರಾಗಿದ್ದಾರೆ.

ಪರ: ಕೆಲಸ ಕಲಿಯುವುದು ಗುಲಾಮಗಿರಿಯಲ್ಲ

ಹಡಗು ಸಾಗಣೆಯ ಕಾಗದಪತ್ರಗಳ ನಡುವೆ ನನ್ನ ಅರ್ಧ ಆಯುಷ್ಯ ಕಳೆದಿದೆ. ಹಡಗು ಬಂದರಿನ ಹೊರಗೆ ಲಂಗರು ಹಾಕಿ ಸರದಿ ಕಾಯುತ್ತ ನಿಂತರೆ ದಿನದ ಲೆಕ್ಕದಲ್ಲಿ ದುಡ್ಡು ಕರಗುತ್ತದೆ. ಆ ದುಡ್ಡು ಕೊನೆಗೆ ಗೊಬ್ಬರದ ಚೀಲದ ಮೇಲೆ, ಔಷಧಿಯ ಡಬ್ಬದ ಮೇಲೆ ಬಂದು ಕೂರುತ್ತದೆ. ದಾರ್ ಎಸ್ ಸಲಾಮ್ ಒಂದೇ ದೇಶದ ಬಾಗಿಲೂ ಅಲ್ಲ. ಕಡಲಿಲ್ಲದ ಜಾಂಬಿಯಾ, ಮಲಾವಿ, ರುವಾಂಡ, ಬುರುಂಡಿ, ಜೊತೆಗೆ ಕಾಂಗೋದ ಪೂರ್ವ ಭಾಗ, ಇವೆಲ್ಲ ಆ ಬಾಗಿಲನ್ನೂ ನಂಬಿವೆ. ಬಂದರಿನಲ್ಲಿ ತಡವಾದರೆ ನೂರಾರು ಮೈಲಿ ಒಳಗಿನ ರೈತ ಬೆಲೆ ತೆರುತ್ತಾನೆ.

1961ರ ಡಿಸೆಂಬರ್ 9ರಂದು ತಾಂಗನ್ಯಿಕಾ ಬ್ರಿಟಿಷರಿಂದ ಸ್ವತಂತ್ರವಾಯಿತು. 1964ರಲ್ಲಿ ಜಾಂಜಿಬಾರ್ ಸೇರಿ ತಾಂಜಾನಿಯಾ ಆಯಿತು. ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ ಅವರನ್ನು ನಾನು ಮನಸಾರೆ ಗೌರವಿಸುತ್ತೇನೆ. ನೂರಕ್ಕೂ ಹೆಚ್ಚು ಭಾಷೆಗಳ ನಾಡನ್ನು ಸ್ವಾಹಿಲಿಯಲ್ಲಿ ಒಂದಾಗಿಸಿದರು, ಹಳ್ಳಿಗೆ ಶಾಲೆ ತಂದರು, 1985ರಲ್ಲಿ ತಾವಾಗಿಯೇ ಅಧ್ಯಕ್ಷ ಪದವಿ ಬಿಟ್ಟರು. ಆದರೆ 1967ರ ಅರೂಷಾ ಘೋಷಣೆಯ ನಂತರ ಬ್ಯಾಂಕು, ಕಾರ್ಖಾನೆ, ವ್ಯಾಪಾರ ಎಲ್ಲವನ್ನೂ ಸರ್ಕಾರವೇ ಹೊತ್ತುಕೊಂಡಿತು. ತೈಲದ ಬೆಲೆ ಏರಿತು, ಉಗಾಂಡಾದ ಇದಿ ಅಮೀನನ ವಿರುದ್ಧದ ಯುದ್ಧ ಬೊಕ್ಕಸ ಬರಿದು ಮಾಡಿತು, ಸರ್ಕಾರಿ ನಿಗಮಗಳು ನಷ್ಟದಲ್ಲಿ ಮುಳುಗಿದವು. 1986ರಲ್ಲಿ ಐಎಂಎಫ್ ಷರತ್ತುಗಳಿಗೆ ತಲೆಬಾಗಬೇಕಾಯಿತು. ಸ್ವಾವಲಂಬನೆಯ ಆಸೆ ತಪ್ಪಾಗಿರಲಿಲ್ಲ. ನಡೆಸುವ ಕೌಶಲ ಸಾಲದಾಗಿತ್ತು. ಅದೇ ನೈರೇರೆ ಜಾಂಬಿಯಾದವರೆಗಿನ 1,860 ಕಿಲೋಮೀಟರ್ ರೈಲುಹಾದಿಗೆ ಚೀನಾದ ನೆರವು ಪಡೆಯಲು ಹಿಂಜರಿಯಲಿಲ್ಲ.

ನಮ್ಮ ಪಕ್ಕದ ಬಂದರನ್ನೇ ನೋಡಿ. 1971ರವರೆಗೆ ಈ ನಾಡೂ ಬ್ರಿಟಿಷರ ರಕ್ಷಣೆಯಲ್ಲಿತ್ತು. 1979ರಲ್ಲಿ ಜೆಬೆಲ್ ಅಲಿ ಶುರುವಾಯಿತು. ಮೊದಮೊದಲು ಅದನ್ನು ನಡೆಸಲು ಅಮೆರಿಕದ ಸೀ-ಲ್ಯಾಂಡ್ ಕಂಪನಿಯನ್ನು ಕರೆಸಿದರು. ಬಂದವರಿಂದ ಕಲಿತರು, ಕಲಿತ ಮೇಲೆ ತಾವೇ ನಡೆಸಿದರು, ಈಗ ಜಗತ್ತಿನ ಬಂದರುಗಳನ್ನು ನಡೆಸುತ್ತಿದ್ದಾರೆ. ದಾರ್ ಎಸ್ ಸಲಾಮ್‌ನಲ್ಲೂ ನೆಲ ತಾಂಜಾನಿಯಾದ ಬಂದರು ಪ್ರಾಧಿಕಾರದ್ದೇ. ಡಿಪಿ ವರ್ಲ್ಡ್ ಮೊದಲ ಹಂತದಲ್ಲಿ 25 ಕೋಟಿ ಡಾಲರ್‌ಗೂ ಹೆಚ್ಚು ಹೂಡುವುದಾಗಿ ಹೇಳಿದೆ. ಅಲ್ಲಿನ ಹುಡುಗರು ಕ್ರೇನ್ ಏರಿ ಕೆಲಸ ಕಲಿಯಲಿ. ದುಬೈಗೆ ಸಾಧ್ಯವಾದದ್ದು ಅವರಿಗೇಕೆ ಆಗದು?

ವಿರೋಧ: ಬೀಜ ಹಡಗೇರುತ್ತದೆ, ಕೂಲಿಯೂ ಜೊತೆಗೇ ಹೋಗುತ್ತದೆ

ನನ್ನ ಅಮ್ಮ ಕಾರ್ಕಳದ ಕಡೆ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರು. ಸಿಪ್ಪೆಯ ಎಣ್ಣೆ ಚರ್ಮ ಸುಡಬಾರದೆಂದು ಬೆರಳಿಗೆ ಬೂದಿ ಹಚ್ಚಿಕೊಂಡು ಕೂರುತ್ತಿದ್ದರು. ಆದರೂ ಸಂಜೆ ಅನ್ನ ಕಲಸುವಾಗ ಉಗುರಿನ ಸುತ್ತ ಕಪ್ಪು ಹಾಗೇ ಇರುತ್ತಿತ್ತು. ಊರಿನ ಬೀಜ ಮುಗಿದ ಮೇಲೆ ಬರುತ್ತಿದ್ದ ಗೋಣಿಗಳಿಗೆ "ಆಫ್ರಿಕದ ಬೀಜ" ಎಂದೇ ಹೆಸರು. ತಾಂಜಾನಿಯಾದ ಬೀಜ ಇಂದಿಗೂ ಬಹುಪಾಲು ಸಿಪ್ಪೆ ಸಮೇತ ಭಾರತ, ವಿಯೆಟ್ನಾಂಗಳಿಗೆ ಹಡಗೇರುತ್ತದೆ. ನನ್ನ ಶಾಲೆಯ ಫೀಸು ಆ ಗೋಣಿಗಳಿಂದ ಬಂತು. ಆ ಋಣ ನನಗೆ ನೆನಪಿರುವುದರಿಂದಲೇ ಕೇಳುತ್ತೇನೆ: ಬೀಜ ಬೆಳೆದ ನಾಡಿನ ಹೆಂಗಸಿಗೆ ಆ ಕೂಲಿ ಏಕೆ ಸಿಗಲಿಲ್ಲ?

ಉತ್ತರ ಬಂದರುಗಳ ಚರಿತ್ರೆಯಲ್ಲಿದೆ. ಮೊದಲು ಆ ನಾಡನ್ನು ಆಳಿದ ಜರ್ಮನರು ಬಲವಂತದಿಂದ ಹತ್ತಿ ಬೆಳೆಸಿದರು. 1905ರಲ್ಲಿ ಜನ ಮಾಜಿ ಮಾಜಿ ದಂಗೆ ಎದ್ದರು. ದಾರ್‌ನಿಂದ ಕಿಗೋಮಾಕ್ಕೆ ಅವರು ಹಾಕಿದ ರೈಲು ಒಳನಾಡಿನ ಸರಕನ್ನು ಕಡಲಿಗೆ ಎಳೆದು ತರುವ ಹಾದಿಯಾಗಿತ್ತು. ಎರಡನೇ ಮಹಾಯುದ್ಧದ ನಂತರ ಬ್ರಿಟಿಷರು ತಮಗೆ ಎಣ್ಣೆ ಬೇಕೆಂದು ಅಲ್ಲಿ ಶೇಂಗಾ ಯೋಜನೆ ಹೂಡಿದರು, ಅದಕ್ಕಾಗಿ ದಕ್ಷಿಣದಲ್ಲಿ ಮ್ಟ್ವಾರಾ ಬಂದರು ಕಟ್ಟಿದರು. 1951ರಲ್ಲಿ ಶೇಂಗಾ ಯೋಜನೆ ಕೈಬಿಟ್ಟರು. ಈಗ ಅದೇ ಮ್ಟ್ವಾರಾದಿಂದ ಗೇರುಬೀಜ ಹೊರಡುತ್ತದೆ. 1970ರ ದಶಕದಲ್ಲಿ ಸರ್ಕಾರ ಸಾಲ ತಂದು ಗೇರು ಕಾರ್ಖಾನೆಗಳನ್ನು ಕಟ್ಟಿತ್ತು. ಬಹುಪಾಲು ಬಾಗಿಲು ಹಾಕಿದವು. ಕಾರ್ಖಾನೆ ಏಳದೆ ಬಂದರಷ್ಟೇ ಚುರುಕಾದರೆ ಕಚ್ಚಾಮಾಲು ಇನ್ನೂ ಬೇಗ ಹೊರಗೆ ಹೋಗುತ್ತದೆ, ಅಷ್ಟೆ.

ದುಬೈ ಕಲಿತಿತು ಎನ್ನುವ ಗೆಳೆಯರ ಮಾತು ನಿಜ. ಆದರೆ ಕರೆದವರನ್ನು ಕಳುಹಿಸುವ ಬಲವೂ ದುಬೈಗಿತ್ತು. ಜಿಬೂಟಿಯ ಪಾಡು ನೋಡಿ. 1977ರಲ್ಲಿ ಫ್ರಾನ್ಸಿನಿಂದ ಬಿಡುಗಡೆಯಾದ ಪುಟ್ಟ ದೇಶ, 2006ರಲ್ಲಿ ದೊರಾಲೆ ಟರ್ಮಿನಲ್ಲನ್ನು ಡಿಪಿ ವರ್ಲ್ಡ್‌ಗೆ ಒಪ್ಪಿಸಿತು. ಒಪ್ಪಂದ ತನಗೆ ಅನ್ಯಾಯದ್ದೆಂದು 2018ರಲ್ಲಿ ಮರಳಿ ವಶಕ್ಕೆ ತೆಗೆದುಕೊಂಡಿತು. ವ್ಯಾಜ್ಯ ಹೋದದ್ದು ಲಂಡನ್ನಿನ ನ್ಯಾಯಮಂಡಳಿಗೆ. ಮರುವರ್ಷ ಬಂದ ತೀರ್ಪು 38.5 ಕೋಟಿ ಡಾಲರ್ ಮತ್ತು ಬಡ್ಡಿ ಕೊಡು ಎಂದಿತು. ಕಂಪನಿಯ ಪಾಲಿಗೆ ಅದು ನ್ಯಾಯವೇ ಇರಬಹುದು. ಬಡ ದೇಶಕ್ಕೆ ಅದು ಕಲಿಸಿದ ಪಾಠ: ಒಮ್ಮೆ ಸಹಿ ಹಾಕಿದ ಮೇಲೆ ಬೀಗದಕೈ ಸುಲಭಕ್ಕೆ ಮರಳುವುದಿಲ್ಲ.

ಅದಕ್ಕೇ ತಾಂಜಾನಿಯಾದ ಜನ ಬೆಚ್ಚಿದರು. 2023ರ ಜೂನ್‌ನಲ್ಲಿ ದುಬೈ ಜೊತೆಗಿನ ಬಂದರು ಒಪ್ಪಂದಕ್ಕೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಪ್ರಶ್ನಿಸಿದ ಕೆಲವರು ಬಂಧನ ಕಂಡರು. ಆಗಸ್ಟ್‌ನಲ್ಲಿ ಕ್ಯಾಥೊಲಿಕ್ ಬಿಷಪ್ಪರು ಬಹಿರಂಗವಾಗಿ ವಿರೋಧಿಸಿದರು. ಹೊರಗಿನವರು ಬರಲೇಬಾರದೆಂಬುದು ನನ್ನ ವಾದವಲ್ಲ. ನಾನೂ ಹೊರಗಿನ ನೆಲದಲ್ಲೇ ದುಡಿದು ಉಣ್ಣುವವಳು. ಒಪ್ಪಂದದ ಪ್ರತಿ ಪುಟ ಜನರ ಕೈಗೆ ಸಿಗಲಿ, ಅವಧಿ ಚಿಕ್ಕದಾಗಲಿ, ವ್ಯಾಜ್ಯ ಆ ನೆಲದ ಕೋರ್ಟಿನಲ್ಲೇ ತೀರಲಿ. ಬಂದರಿನ ಆದಾಯದಲ್ಲಿ ಒಂದು ಪಾಲು ಗೇರು ಕಾರ್ಖಾನೆಗಳಿಗೆ ಮೀಸಲಾಗಲಿ. ಮ್ಟ್ವಾರಾದ ಒಬ್ಬ ತಾಯಿ ತನ್ನೂರಿನ ಬೀಜವನ್ನು ತನ್ನೂರಲ್ಲೇ ಸುಲಿದು, ಆ ಕೂಲಿಯಿಂದ ಮಗಳ ಫೀಸು ಕಟ್ಟುವ ದಿನ ಬಂದರೆ ನನ್ನ ಈ ವಿರೋಧವನ್ನು ನಾನೇ ಹಿಂತೆಗೆದುಕೊಳ್ಳುತ್ತೇನೆ.